ಐರ್ಲೆಂಡ್‌ನಲ್ಲಿ ಓದು: ಸೀಟು ಸುಲಭ, ಕೋಣೆ ಕಷ್ಟ
ಗಾಲ್ವೆ ನಗರದ ವಿದ್ಯಾರ್ಥಿ ಜೀವನದ ಒಂದು ಅವಲೋಕನ

2025ರ ಜುಲೈ 19ರಂದು ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನ ಟಾಲಾ ಎಂಬಲ್ಲಿ, ಆ ದೇಶಕ್ಕೆ ಹೊಸದಾಗಿ ಬಂದಿದ್ದ ಭಾರತೀಯರೊಬ್ಬರ ಮೇಲೆ ಗುಂಪೊಂದು ಅಮಾನುಷವಾಗಿ ಹಲ್ಲೆ ನಡೆಸಿತು. ಆಗಸ್ಟ್ 1ರಂದು ಅಲ್ಲಿನ ಭಾರತೀಯ ರಾಯಭಾರ ಕಚೇರಿ, ನಿರ್ಜನ ಪ್ರದೇಶಗಳಲ್ಲಿ ಓಡಾಡುವಾಗ ಜಾಗ್ರತೆ ವಹಿಸಬೇಕೆಂದು ನಮ್ಮ ಪ್ರಜೆಗಳಿಗೆ ಸೂಚನೆ ಹೊರಡಿಸಿತು. ಅದಾಗಿ ಮೂರೇ ದಿನಗಳಲ್ಲಿ ವಾಟರ್‌ಫರ್ಡ್ ನಗರದಲ್ಲಿ ಮನೆಯೆದುರು ಆಡುತ್ತಿದ್ದ ಭಾರತೀಯ ಮೂಲದ ಆರು ವರ್ಷದ ಬಾಲಕಿಯೂ ಹಲ್ಲೆಗೊಳಗಾದಳು. ಆಗಸ್ಟ್ 17ರಂದು ಡಬ್ಲಿನ್‌ನ ಫೀನಿಕ್ಸ್ ಪಾರ್ಕ್‌ನಲ್ಲಿ ನಡೆಯಬೇಕಿದ್ದ ಭಾರತ ದಿನಾಚರಣೆಯನ್ನೇ ಮುಂದೂಡಬೇಕಾಯಿತು.

ಮಕ್ಕಳನ್ನು ಉನ್ನತ ವ್ಯಾಸಂಗಕ್ಕೆ ಐರ್ಲೆಂಡ್‌ಗೆ ಕಳುಹಿಸಲು ಸಿದ್ಧತೆ ನಡೆಸಿದ್ದ ಪಾಲಕರು ಇದರಿಂದ ಗಾಬರಿಗೊಂಡದ್ದು ಸಹಜ. ಕಳುಹಿಸಬೇಕೇ, ಬೇಡವೇ ಎಂಬ ಪ್ರಶ್ನೆ ಇಂದಿಗೂ ಅನೇಕ ಮನೆಗಳಲ್ಲಿದೆ. ಭಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಲ್ಲಿ ಓದುವ ಭಾರತೀಯ ವಿದ್ಯಾರ್ಥಿಯನ್ನು ಬೆಳಗ್ಗೆ ಏಳುವಾಗ, ರಾತ್ರಿ ಮಲಗುವಾಗ ಕಾಡುವ ಚಿಂತೆ ಬೇರೆಯೇ ಇದೆ. ಅದು ಕೋಣೆಯ ಚಿಂತೆ. ಕಾಲೇಜಿನ ಸೀಟು ಸಿಕ್ಕಿತೆಂದು ಪೇಡೆ ಹಂಚುವ ಪಾಲಕರು ಫೀ ಎಷ್ಟು, ಬ್ಯಾಂಕ್ ಸಾಲ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಮಗ ಅಥವಾ ಮಗಳು ಎಲ್ಲಿ ಮಲಗುತ್ತಾರೆ, ಎಷ್ಟು ಗಂಟೆ ದುಡಿಯುತ್ತಾರೆ, ಯಾವ ನೆರೆಹೊರೆಯಲ್ಲಿ ಬಾಳುತ್ತಾರೆ ಎಂಬ ಲೆಕ್ಕ ಬಿಟ್ಟುಹೋಗುತ್ತದೆ. ಆ ಒಂದು ವರ್ಷದ ಸೋಲು-ಗೆಲುವು ನಿರ್ಧಾರವಾಗುವುದು ಈ ಮೂರು ವಿಷಯಗಳಲ್ಲೇ.

ವಲಸೆ ಹೋದವರ ನಾಡು

ಐರ್ಲೆಂಡ್ ಪುಟ್ಟ ದೇಶ. 2022ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 51.5 ಲಕ್ಷ, ಅಂದರೆ ಮುಂಬಯಿ ಮಹಾನಗರದ ಅರ್ಧಕ್ಕೂ ಕಡಿಮೆ. 1845ರಿಂದ 1852ರವರೆಗಿನ ಭೀಕರ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಮಂದಿ ಸತ್ತು, ಹೆಚ್ಚುಕಡಿಮೆ ಅಷ್ಟೇ ಮಂದಿ ಹಡಗು ಹತ್ತಿ ಅಮೆರಿಕ ಮೊದಲಾದ ಕಡೆ ಹೋದ ನಾಡದು. ಹೊಟ್ಟೆಪಾಡಿಗಾಗಿ ಊರು ಬಿಡುವುದೆಂದರೇನು ಎಂದು ಅಲ್ಲಿನ ಮನೆಮನೆಗೂ ಗೊತ್ತು. ಈಗ ಕಾಲ ತಿರುಗಿದೆ. 2016ರಲ್ಲಿ ಅಲ್ಲಿದ್ದ ಭಾರತೀಯ ಪ್ರಜೆಗಳ ಸಂಖ್ಯೆ 11,465 ಆಗಿದ್ದರೆ, 2022ರಲ್ಲಿ ಅದು 45,449ಕ್ಕೇರಿತು. ಆರು ವರ್ಷಗಳಲ್ಲಿ ಸುಮಾರು ನಾಲ್ಕು ಪಟ್ಟು!

ಇಂಗ್ಲಿಷ್ ಭಾಷೆ, ಒಂದೇ ವರ್ಷದಲ್ಲಿ ಮುಗಿಯುವ ಸ್ನಾತಕೋತ್ತರ ಪದವಿ, ಓದಿನ ನಂತರ ಎರಡು ವರ್ಷ ಉಳಿದು ಕೆಲಸ ಹುಡುಕುವ ಅವಕಾಶ, 2020ರಲ್ಲಿ ಬ್ರಿಟನ್ ಹೊರಬಿದ್ದ ಮೇಲೂ ಐರೋಪ್ಯ ಒಕ್ಕೂಟದಲ್ಲೇ ಉಳಿದ ದೇಶವೆಂಬ ಆಕರ್ಷಣೆ ಇವೆಲ್ಲ ವಿದ್ಯಾರ್ಥಿಗಳನ್ನು ಸೆಳೆದಿವೆ. ಮುಂಬಯಿ ಓದುಗರಿಗೆ ಇನ್ನೊಂದು ನಂಟೂ ಇದೆ. ಐರ್ಲೆಂಡಿನ ಪ್ರಧಾನಿಯಾಗಿದ್ದ ಲಿಯೋ ವರಾಡ್ಕರ್ ಅವರ ತಂದೆ ಮುಂಬಯಿಯವರು. ಅವರ ಮೂಲ ಸಿಂಧುದುರ್ಗ ಜಿಲ್ಲೆಯ ಮಾಲ್ವಣ ಬಳಿಯ ವರಾಡ್ ಗ್ರಾಮ. ವೈದ್ಯಕೀಯ ಓದಿದ ಲಿಯೋ ಅವರು ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ತರಬೇತಿಯನ್ನೂ ಪಡೆದವರು.

ಕೋಣೆ ಎಂಬ ಮೊದಲ ಪರೀಕ್ಷೆ

ಡಬ್ಲಿನ್‌ನ ಹೆಸರು ಎಲ್ಲರೂ ಬಲ್ಲರು. ಆದರೆ ವಿದ್ಯಾರ್ಥಿಯ ದಿನನಿತ್ಯದ ಬದುಕನ್ನು ಸ್ಪಷ್ಟವಾಗಿ ಕಾಣಬೇಕಾದರೆ ಪಶ್ಚಿಮ ಕರಾವಳಿಯ ಗಾಲ್ವೆ ನಗರವನ್ನು ನೋಡಬೇಕು. ಡಬ್ಲಿನ್‌ನಿಂದ ರೈಲು ಅಥವಾ ಬಸ್ಸಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ಜನಸಂಖ್ಯೆ 86 ಸಾವಿರದಷ್ಟು. ಕೊರಿಬ್ ನದಿಯ ದಂಡೆಯಲ್ಲಿ 1845ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವಿದೆ, ತಾಂತ್ರಿಕ ವಿಶ್ವವಿದ್ಯಾಲಯವೊಂದರ ಕ್ಯಾಂಪಸ್ ಕೂಡ ಇದೆ. ವೈದ್ಯಕೀಯ ಉಪಕರಣ ತಯಾರಿಸುವ ಬೋಸ್ಟನ್ ಸೈಂಟಿಫಿಕ್, ಮೆಡ್‌ಟ್ರಾನಿಕ್‌ನಂತಹ ಕಂಪನಿಗಳ ಕಾರ್ಖಾನೆಗಳಿವೆ. ಸೆಪ್ಟೆಂಬರ್ ಬಂತೆಂದರೆ ಊರೆಲ್ಲ ವಿದ್ಯಾರ್ಥಿಗಳೇ.

ಕಷ್ಟ ಶುರುವಾಗುವುದೂ ಸೆಪ್ಟೆಂಬರ್‌ನಲ್ಲೇ. 2008ರ ಆರ್ಥಿಕ ಕುಸಿತದ ನಂತರ ಐರ್ಲೆಂಡಿನಲ್ಲಿ ವರ್ಷಗಟ್ಟಲೆ ಮನೆ ಕಟ್ಟುವ ಕೆಲಸವೇ ನಿಂತುಹೋದಂತಾಗಿತ್ತು. ಆಮೇಲೆ ಜನಸಂಖ್ಯೆ ಏರಿತು, ಮನೆಗಳು ಏರಲಿಲ್ಲ. ಸ್ಥಳೀಯ ವಿದ್ಯಾರ್ಥಿಗಳೂ ಅದೇ ತಿಂಗಳಲ್ಲಿ ಕೋಣೆ ಹುಡುಕುವುದರಿಂದ, ಭಾರತದಿಂದ ಬಂದಿಳಿದವನು ಕೆಲವು ವಾರ ಹಾಸ್ಟೆಲ್ ಹಾಸಿಗೆಯಲ್ಲೋ ಪರಿಚಯದವರ ಹಾಲ್‌ನಲ್ಲೋ ಕಳೆಯಬೇಕಾಗುತ್ತದೆ. ಕ್ಯಾಂಪಸ್‌ನ ವಸತಿ ಕೆಲವರಿಗೆ ಮಾತ್ರ. ಹೊರಗೆ ಒಂದು ಕೋಣೆಗೆ ತಿಂಗಳಿಗೆ ಏಳೆಂಟು ನೂರು ಯೂರೋ ಸಾಮಾನ್ಯ, ಡಬ್ಲಿನ್‌ನಲ್ಲಿ ಸಾವಿರ ದಾಟುವುದೂ ಉಂಟು. ನಗರದಲ್ಲಿ ಸಿಗದವರು ಅಥೆನ್ರೈ, ಟುವಮ್‌ನಂತಹ ಸಣ್ಣ ಊರುಗಳಲ್ಲಿ ಉಳಿದು ದಿನಾ ಓಡಾಡುತ್ತಾರೆ. ಬದ್ಲಾಪುರದಿಂದ ಚರ್ಚ್‌ಗೇಟ್‌ಗೆ ಓಡಾಡುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇದರ ಜತೆಗೆ ಅಲ್ಲಿ 'ಡಿಗ್ಸ್' ಎಂಬ ಪದ್ಧತಿಯಿದೆ. ಮುಂಬಯಿಯ ಪೇಯಿಂಗ್ ಗೆಸ್ಟ್ ಪದ್ಧತಿಯಂತೆಯೇ ಮನೆಯ ಯಜಮಾನರು ತಾವಿರುವ ಮನೆಯಲ್ಲೇ ಒಂದು ಕೋಣೆ ಕೊಡುತ್ತಾರೆ, ಕೆಲವೆಡೆ ಊಟವೂ ಉಂಟು. ವರ್ಷಕ್ಕೆ 14,000 ಯೂರೋವರೆಗಿನ ಇಂತಹ ಆದಾಯಕ್ಕೆ ಸರಕಾರ ತೆರಿಗೆ ವಿನಾಯಿತಿ ನೀಡಿರುವುದರಿಂದ ಅನೇಕ ಹಿರಿಯ ದಂಪತಿಗಳು ಮುಂದೆ ಬಂದಿದ್ದಾರೆ. ಒಳ್ಳೆಯ ಮನೆ ಸಿಕ್ಕರೆ ಇದು ನಿಜವಾಗಿಯೂ ಭಾಗ್ಯ. ಆದರೆ ಎರಡು ತೊಡಕುಗಳಿವೆ. ಕೆಲವು ಮನೆಗಳಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ ವಾಸ. ಶನಿವಾರ, ಆದಿತ್ಯವಾರ ಸ್ಥಳೀಯ ಹುಡುಗ ತನ್ನ ಊರಿಗೆ ಹೋಗುತ್ತಾನೆ. ಕುಂದಾಪುರದ ಮೂಲದ ಥಾಣೆಯ ಹುಡುಗ ಎಲ್ಲಿಗೆ ಹೋಗಬೇಕು? ಎರಡನೆಯದಾಗಿ, ಡಿಗ್ಸ್‌ನಲ್ಲಿರುವವನು ಕಾನೂನಿನ ದೃಷ್ಟಿಯಲ್ಲಿ ಬಾಡಿಗೆದಾರನಲ್ಲ, ಕೇವಲ ಅನುಮತಿ ಪಡೆದು ಇರುವವನು. ಲೀವ್ ಆ್ಯಂಡ್ ಲೈಸೆನ್ಸ್ ಕರಾರು ಬರೆದುಕೊಟ್ಟು ಹನ್ನೊಂದು ತಿಂಗಳಿಗೊಮ್ಮೆ ಗಂಟುಮೂಟೆ ಕಟ್ಟಿದ ಮುಂಬಯಿಕರರಿಗೆ ಈ ವ್ಯತ್ಯಾಸ ಚೆನ್ನಾಗಿ ಅರ್ಥವಾಗುತ್ತದೆ.

ಬಾಡಿಗೆದಾರನಾಗಿ ಕರಾರು ಮಾಡಿಕೊಂಡವನಿಗೆ ರಕ್ಷಣೆ ಉಂಟು. 2021ರ ಆಗಸ್ಟ್‌ನಿಂದ ಜಾರಿಗೆ ಬಂದ ನಿಯಮದಂತೆ ಠೇವಣಿಯಾಗಿ ಒಂದು ತಿಂಗಳ ಬಾಡಿಗೆ, ಮುಂಗಡವಾಗಿ ಒಂದು ತಿಂಗಳ ಬಾಡಿಗೆ, ಇದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಆರು ತಿಂಗಳ ಬಾಡಿಗೆ ಮೊದಲೇ ಕಳುಹಿಸಿ ಎಂದು ಯಾರಾದರೂ ಫೋನಿನಲ್ಲಿ ಒತ್ತಾಯಿಸಿದರೆ ಅದು ಮೋಸವೆಂದೇ ತಿಳಿಯಬೇಕು. ಕೋಣೆ ನೋಡದೆ, ಕೀಲಿಕೈ ಪಡೆಯದೆ ಇಲ್ಲಿಂದ ಹಣ ಕಳುಹಿಸಿ ಕೈಸುಟ್ಟುಕೊಂಡ ವಿದ್ಯಾರ್ಥಿಗಳು ಒಬ್ಬಿಬ್ಬರಲ್ಲ.

ಕೋಣೆ ಇಲ್ಲದಿದ್ದರೆ ವಿಳಾಸವಿಲ್ಲ. ವಿಳಾಸವಿಲ್ಲದಿದ್ದರೆ ಬ್ಯಾಂಕ್ ಖಾತೆಗೆ ತೊಡಕು, ಪಿಪಿಎಸ್ ಎಂಬ ಸರಕಾರಿ ಗುರುತು ಸಂಖ್ಯೆಗೂ ತೊಡಕು. ಆ ಸಂಖ್ಯೆ ಇಲ್ಲದೆ ಕೆಲಸಕ್ಕೆ ಸೇರಿದರೆ ಸಂಬಳದಲ್ಲಿ ತುರ್ತು ತೆರಿಗೆಯೆಂದು ದೊಡ್ಡ ಪಾಲು ಕಡಿತವಾಗುತ್ತದೆ. ಹಿಂದೆ ಮುಂಬಯಿಯಲ್ಲಿ ರೇಶನ್ ಕಾರ್ಡ್ ಇಲ್ಲದವನ ಪಾಡು ಹೇಗಿತ್ತೋ ಹಾಗೆ.

ಇಪ್ಪತ್ತು ಗಂಟೆಯ ಲೆಕ್ಕ

'ಪಾರ್ಟ್‌ಟೈಮ್ ಕೆಲಸ ಮಾಡಿ ಫೀಯನ್ನೂ ಕಟ್ಟಬಹುದು' ಎಂದು ಹೇಳುವ ಏಜಂಟರಿದ್ದಾರೆ. ಅವರಲ್ಲಿ ಅನೇಕರಿಗೆ ಕಾಲೇಜುಗಳಿಂದಲೇ ಕಮಿಷನ್ ಸಿಗುತ್ತದೆ ಎಂಬುದನ್ನು ಪಾಲಕರು ನೆನಪಿಡಬೇಕು. ಆ ಮಾತು ಎಷ್ಟು ನಿಜವೆಂದು ಅಂಕಿಗಳೇ ಹೇಳಲಿ.

ಐರೋಪ್ಯ ಒಕ್ಕೂಟದ ಹೊರಗಿನ ವಿದ್ಯಾರ್ಥಿ ತರಗತಿಗಳ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಗೂ ಡಿಸೆಂಬರ್ 15ರಿಂದ ಜನವರಿ 15ರವರೆಗೆ 40 ಗಂಟೆಗೆ ಅವಕಾಶವಿದೆ. ಕನಿಷ್ಠ ವೇತನ 2025ರಲ್ಲಿ ಗಂಟೆಗೆ 13.50 ಯೂರೋ ಇತ್ತು, 2026ರ ಜನವರಿ 1ರಿಂದ 14.15 ಯೂರೋ ಆಯಿತು. 20 ಗಂಟೆಗೆ 283 ಯೂರೋ, ನಾಲ್ಕು ವಾರಕ್ಕೆ 1,132 ಯೂರೋ. ಅದರಲ್ಲಿ ಕೋಣೆಗೆ 800 ಹೋದರೆ ಉಳಿಯುವುದು 332. ದಿನಸಿ, ಬಸ್ಸು, ಫೋನು, ಚಳಿಗಾಲದ ಕರೆಂಟ್ ಬಿಲ್ಲು ಎಲ್ಲವೂ ಅದರಲ್ಲೇ ಆಗಬೇಕು. ಅಂದರೆ ಕೈಗೂಡಿ ಬಂದರೆ ಕೋಣೆ ಮತ್ತು ಊಟದ ಖರ್ಚು ಹೊರಟೀತು. ಫೀ ಹೊರಡುವುದಿಲ್ಲ, ಸಾಲದ ಬಡ್ಡಿಯೂ ಹೊರಡುವುದಿಲ್ಲ. ಇಷ್ಟಕ್ಕೂ ಮೊದಲ ಒಂದೆರಡು ತಿಂಗಳು ಕೆಲಸವೇ ಸಿಗದಿರಬಹುದು. ಒಂದು ವರ್ಷದ ಜೀವನ ವೆಚ್ಚಕ್ಕೆ ಕೈಯಲ್ಲಿರಬೇಕಾದ ಹಣವನ್ನು ಐರ್ಲೆಂಡ್ ಸರಕಾರ 2023ರ ಜುಲೈಯಲ್ಲಿ 7,000 ಯೂರೋದಿಂದ 10,000 ಯೂರೋಗೆ ಏರಿಸಿದ್ದು ಇದೇ ಕಾರಣಕ್ಕೆ. ಅದನ್ನು ವೀಸಾಕ್ಕಾಗಿ ಖಾತೆಯಲ್ಲಿ ತೋರಿಸಿ ಮರುದಿನ ಹಿಂತೆಗೆಯುವ ಹಣವೆಂದು ಭಾವಿಸಿದವರು ಮಕ್ಕಳನ್ನೇ ಕಷ್ಟಕ್ಕೆ ತಳ್ಳಿದಂತೆ.

ಗಾಲ್ವೆಯಲ್ಲಿ ಸಿಗುವ ಕೆಲಸ ಹೆಚ್ಚಾಗಿ ಹೋಟೆಲು, ಸೂಪರ್ ಮಾರ್ಕೆಟ್ ಮತ್ತು ವೃದ್ಧರ ಆರೈಕೆ ಕೇಂದ್ರಗಳಲ್ಲಿ. ಜುಲೈ ಕೊನೆಗೆ ಅಲ್ಲಿನ ಪ್ರಸಿದ್ಧ ಕುದುರೆ ಪಂದ್ಯದ ವಾರ ಬಂದಾಗ ಹೋಟೆಲ್‌ಗಳಿಗೆ ಎಷ್ಟು ಜನರಿದ್ದರೂ ಸಾಲದು. ಮನೆಮನೆಗೆ ಆಹಾರ ತಲುಪಿಸುವ ಕೆಲಸದ ಬಗ್ಗೆ ಮಾತ್ರ ಎಚ್ಚರ ಬೇಕು. ಆ ಸವಾರರನ್ನು ಸ್ವಂತ ಉದ್ಯೋಗಿಗಳೆಂದು ಪರಿಗಣಿಸಲಾಗುತ್ತದೆ, ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅವಕಾಶವಿಲ್ಲ. ಬೇರೊಬ್ಬರ ಖಾತೆ ಬಾಡಿಗೆಗೆ ಪಡೆದು ಸೈಕಲ್ ತುಳಿಯುವವನಿಗೆ ಅಪಘಾತವಾದರೆ ವಿಮೆಯಿಲ್ಲ, ಹಲ್ಲೆಯಾದರೆ ಪೊಲೀಸರ ಬಳಿ ಹೋಗಲೂ ಧೈರ್ಯವಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಬೇಸಿಗೆಯಲ್ಲಿ 40 ಗಂಟೆ ದುಡಿಯಬಹುದೆಂದು ಎಲ್ಲರೂ ಸಂತೋಷಪಡುತ್ತಾರೆ. ಆದರೆ ಒಂದು ವರ್ಷದ ಎಂಎಸ್‌ಸಿಯಲ್ಲಿ ಪ್ರಬಂಧ ಬರೆದು ಒಪ್ಪಿಸಬೇಕಾದದ್ದೂ ಅದೇ ಬೇಸಿಗೆಯಲ್ಲಿ. ದುಡಿಮೆಯ ಕಾಲ, ಪ್ರಬಂಧದ ಕಾಲ ಎರಡೂ ಒಂದೇ ಆದಾಗ ಹೆಚ್ಚಾಗಿ ಸೋಲುವುದು ಪ್ರಬಂಧವೇ.

ತರಗತಿ, ಮಳೆ, ಮೌನ

ಪಾಠದ ಕ್ರಮವೂ ಬೇರೆ. ತರಗತಿಯ ಗಂಟೆಗಳು ಕಡಿಮೆ, ತಾನೇ ಓದಬೇಕಾದ ಗಂಟೆಗಳು ಹೆಚ್ಚು. ಪ್ರೊಫೆಸರರನ್ನು ಹೆಸರು ಹಿಡಿದು ಕರೆಯುವುದು ಅಲ್ಲಿ ರೂಢಿ, 'ಸರ್' ಎಂದೇ ಬೆಳೆದವರಿಗೆ ನಾಲಿಗೆ ಹೊರಳಲು ಒಂದು ಸೆಮಿಸ್ಟರ್ ಬೇಕು. ನೋಟ್ಸ್ ಬಾಯಿಪಾಠ ಮಾಡಿ ಬರೆದರೆ ಅಂಕ ಬರುವುದಿಲ್ಲ. ಇನ್ನೊಬ್ಬರ ಸಾಲುಗಳನ್ನು ಹೆಸರು ಹೇಳದೆ ಎತ್ತಿಕೊಂಡರೆ ಅದು ಶಿಸ್ತುಕ್ರಮಕ್ಕೆ ಗುರಿಯಾಗುವ ಅಪರಾಧ.

ಮುಂಬಯಿ ಮಳೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಗಾಲ್ವೆಯ ಮಳೆ ವರ್ಷವಿಡೀ ತುಂತುರಾಗಿ ಬೀಳುತ್ತಿರುತ್ತದೆ. ಸಮುದ್ರದ ಗಾಳಿಗೆ ಕೊಡೆ ನಿಲ್ಲುವುದಿಲ್ಲ, ರೈನ್‌ಕೋಟೇ ಗತಿ. ಡಿಸೆಂಬರ್‌ನಲ್ಲಿ ಬೆಳಕು ಹರಿಯುವಾಗ ಹತ್ತಿರ ಹತ್ತಿರ ಒಂಬತ್ತು ಗಂಟೆ, ಸಂಜೆ ನಾಲ್ಕೂವರೆಯೊಳಗೆ ಸೂರ್ಯಾಸ್ತ. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಹಿಂದಿರುಗಿ, ಒಬ್ಬನೇ ಕುಳಿತು ಅನ್ನ ಸಾರು ಮಾಡಿಕೊಂಡು ಉಣ್ಣುವ ಹುಡುಗನಿಗೆ ಮನಸ್ಸು ಕುಗ್ಗುವುದು ಸಹಜ. ವಾರಕ್ಕೊಮ್ಮೆ ಫೋನು ಮಾಡುವ ಪಾಲಕರು 'ಊಟ ಆಯ್ತಾ, ಕೆಲಸ ಸಿಕ್ತಾ' ಎಂಬ ಎರಡು ಪ್ರಶ್ನೆಗಳ ಜತೆ 'ಯಾರ ಜತೆ ಮಾತಾಡಿದೆ ಮಗಾ' ಎಂದು ಮೂರನೆಯದನ್ನೂ ಕೇಳುವುದು ಒಳ್ಳೆಯದು.

ನೆರೆಹೊರೆಯೇ ನಿಜವಾದ ರಕ್ಷಣೆ

ಸಣ್ಣ ಊರಿನ ಬೆಲೆ ಗೊತ್ತಾಗುವುದು ಇಲ್ಲಿ. ಗಾಲ್ವೆಯ ಜನ ಮಾತುಗಾರರು. ಬಸ್ಸಿನಿಂದ ಇಳಿಯುವಾಗ ಚಾಲಕನಿಗೆ ಧನ್ಯವಾದ ಹೇಳುವುದು ಐರ್ಲೆಂಡಿನ ಎಲ್ಲ ಕಡೆ ಇರುವ ಸಂಪ್ರದಾಯ. ಅಂಗಡಿಯಲ್ಲಿ, ಬಸ್‌ಸ್ಟಾಪಿನಲ್ಲಿ ಹವಾಮಾನದ ಮಾತಿನಿಂದ ಪರಿಚಯ ಶುರುವಾಗುತ್ತದೆ. ಪಬ್ ಎಂದರೆ ಕುಡಿಯಲೇಬೇಕೆಂದಿಲ್ಲ, ಚಹಾ ಹಿಡಿದು ಮೂಲೆಯಲ್ಲಿ ಕುಳಿತು ಪಿಟೀಲು, ಕೊಳಲು ಕೇಳುವವರೂ ಇದ್ದಾರೆ. ಕ್ರಿಕೆಟ್ ಬಲ್ಲವನಿಗಂತೂ ಸ್ಥಳೀಯ ಕ್ಲಬ್ಬುಗಳ ಬಾಗಿಲು ತೆರೆದಿದೆ. ಪಂಜಾಬಿನಲ್ಲಿ ಹುಟ್ಟಿ, ಹೋಟೆಲ್ ಮ್ಯಾನೇಜ್‌ಮೆಂಟ್ ಓದಲೆಂದು ಐರ್ಲೆಂಡ್‌ಗೆ ಹೋದ ಸಿಮಿ ಸಿಂಗ್ ಮುಂದೆ ಆ ದೇಶದ ತಂಡಕ್ಕೇ ಆಡಿ, 2021ರಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಶತಕ ಬಾರಿಸಿದ್ದು ಗಮನಾರ್ಹ.

ಮನೆ ಸಿಗದ ಸಿಟ್ಟು ಸ್ಥಳೀಯರಲ್ಲೂ ಇದೆ. ಬಾಡಿಗೆ ಏರಿದ್ದಕ್ಕೆ ಹೊರಗಿನವರೇ ಕಾರಣವೆಂದು ಪ್ರಚಾರ ಮಾಡುವವರು ಅಲ್ಲೂ ಹುಟ್ಟಿಕೊಂಡಿದ್ದಾರೆ. ಕೆಲಸ ಮತ್ತು ಜಾಗದ ಕೊರತೆಗೆ ಹೊರಗಿನಿಂದ ಬಂದವನನ್ನೇ ಹೊಣೆ ಮಾಡುವ ಮಾತನ್ನು 1960ರ ದಶಕದ ಕೊನೆಯಲ್ಲಿ ಮುಂಬಯಿಯ ಉಡುಪಿ ಹೋಟೆಲ್ ಮಾಲೀಕರೂ ಕೇಳಿದ್ದರು. ಅಂಗಡಿ ಬಾಗಿಲು ಹಾಕಿ ಓಡದೆ, ಮರಾಠಿ ಕಲಿತು, ಗಲ್ಲಿಯ ಗಣೇಶೋತ್ಸವಕ್ಕೆ ಕೈಜೋಡಿಸಿ, ನಾಲ್ಕು ಜನರಿಗೆ ಬೇಕಾದವರಾಗಿ ಅವರು ಇಲ್ಲಿ ಬೇರೂರಿದರು. ಟಾಲಾದಲ್ಲಿ ಹಲ್ಲೆಗೊಳಗಾದವರ ನೆರವಿಗೆ ನಿಂತು ನಡೆದದ್ದನ್ನು ಲೋಕಕ್ಕೆ ತಿಳಿಸಿದವರು ದಾರಿಯಲ್ಲಿ ಹೋಗುತ್ತಿದ್ದ ಸ್ಥಳೀಯ ಮಹಿಳೆಯೇ. ಆಗಿನ ರಾಷ್ಟ್ರಾಧ್ಯಕ್ಷ, ಗಾಲ್ವೆಯನ್ನು ದೀರ್ಘಕಾಲ ಪ್ರತಿನಿಧಿಸಿದ್ದ ಮೈಕೆಲ್ ಡಿ. ಹಿಗ್ಗಿನ್ಸ್ ಹಲ್ಲೆಗಳನ್ನು ಬಹಿರಂಗವಾಗಿ ಖಂಡಿಸಿದರು. ಹಾಗೆಂದು ಮೈಮರೆಯಬಾರದು. ರಾತ್ರಿ ಪಾಳಿಯಿಂದ ಒಬ್ಬನೇ ನಡೆದು ಬರದಿರುವುದು, 112ಕ್ಕೆ ಕರೆ ಮಾಡಲು ಹಿಂಜರಿಯದಿರುವುದು, ಸಣ್ಣ ಬೈಗುಳವಾದರೂ ಪೊಲೀಸರಲ್ಲಿ ದಾಖಲಿಸುವುದು ಅಗತ್ಯ.

ಗಾಲ್ವೆ ಎಂದೊಡನೆ ಕನ್ನಡಿಗರಿಗೆ ನೆನಪಾಗುವ ಹೆಸರು ಸವಿತಾ ಹಾಲಪ್ಪನವರ. ಬೆಳಗಾವಿ ಮೂಲದ ಈ ದಂತವೈದ್ಯೆ 2012ರ ಅಕ್ಟೋಬರ್ 28ರಂದು, ಗರ್ಭಪಾತದ ತೊಡಕಿನಲ್ಲಿ ಸಕಾಲಕ್ಕೆ ಸೂಕ್ತ ಚಿಕಿತ್ಸೆ ದೊರೆಯದೆ ಅಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗವರಿಗೆ 31 ವರ್ಷ. ಮೇಣದಬತ್ತಿ ಹಿಡಿದು ಬೀದಿಗಿಳಿದವರು ಐರಿಷ್ ಜನರೇ. 2018ರ ಮೇ 25ರ ಜನಮತದಲ್ಲಿ ಶೇ. 66ಕ್ಕೂ ಹೆಚ್ಚು ಮಂದಿ ಸಂವಿಧಾನ ಬದಲಾವಣೆಗೆ ಮತ ಹಾಕಿದಾಗ ಅವರ ಕೈಯಲ್ಲಿದ್ದದ್ದು ಕನ್ನಡ ನಾಡಿನ ಹೆಣ್ಣುಮಗಳ ಭಾವಚಿತ್ರ. ಹೊರಗಿನವಳೊಬ್ಬಳ ಸಾವಿಗೆ ಮರುಗಿ ತನ್ನ ಕಾನೂನನ್ನೇ ತಿದ್ದಿಕೊಂಡ ಸಮಾಜವನ್ನು ಕೆಲವು ಪುಂಡರಿಂದ ಅಳೆಯುವುದು ನ್ಯಾಯವಲ್ಲ.

ಕನ್ನಡ ಸಂಘಗಳು ಗಮನಿಸಬೇಕಾದ ಇನ್ನೊಂದು ಸಂಗತಿ ಭಾಷೆಯದು. ಐರ್ಲೆಂಡಿನ ಸಂವಿಧಾನದಂತೆ ಐರಿಷ್ ಮೊದಲ ರಾಜಭಾಷೆ, ರಸ್ತೆ ಫಲಕಗಳಲ್ಲಿ ಅದಕ್ಕೇ ಮೊದಲ ಸ್ಥಾನ, ಶಾಲೆಯಲ್ಲಿ ಕಡ್ಡಾಯ. 2022ರ ಗಣತಿಯಲ್ಲಿ 18.7 ಲಕ್ಷ ಮಂದಿ ತಮಗೆ ಐರಿಷ್ ಬರುತ್ತದೆ ಎಂದರು, ಆದರೆ ಶಾಲೆಯ ಹೊರಗೆ ದಿನವೂ ಆಡುವವರು ಸುಮಾರು 72 ಸಾವಿರ ಮಾತ್ರ. ಫಲಕದಲ್ಲಿದ್ದು ಮನೆಯಲ್ಲಿಲ್ಲದ ಭಾಷೆಯ ಗತಿ ಏನೆಂಬುದಕ್ಕೆ ಬೇರೆ ಉದಾಹರಣೆ ಬೇಡ. ಗಾಲ್ವೆಯ ಪಶ್ಚಿಮದ ಹಳ್ಳಿಗಳಲ್ಲಿ ಅದು ಇನ್ನೂ ಮನೆಮಾತು. ಅಲ್ಲಿ ಅಂಗಡಿಯವನಿಗೆ 'ಗೊ ರೆವ್ ಮಹ್ ಅಗತ್' ಎಂದು ಅವನ ಭಾಷೆಯಲ್ಲೇ ಧನ್ಯವಾದ ಹೇಳುವ ವಿದ್ಯಾರ್ಥಿ ಅರ್ಧ ನೆಂಟನಾದಂತೆ.

ಪದವಿಯ ಮರುದಿನ

ಸ್ನಾತಕೋತ್ತರ ಪದವಿಯ ನಂತರ ಎರಡು ವರ್ಷದವರೆಗೆ ಕೆಲಸ ಹುಡುಕಿ ಮಾಡುವ ಅನುಮತಿ ಇದೆ, ಆದರೆ ಅದು ಕೆಲಸದ ಖಾತರಿಯಲ್ಲ. ಮುಂದೆ ಉಳಿಯಬೇಕಾದರೆ ಕಂಪನಿಯ ಮೂಲಕ ಪರ್ಮಿಟ್ ಬೇಕು. ಬೇಡಿಕೆಯಿರುವ ಕೌಶಲದ ಉದ್ಯೋಗಗಳಿಗೆ 2024ರಲ್ಲಿ ಕನಿಷ್ಠ ಸಂಬಳ ವರ್ಷಕ್ಕೆ 38,000 ಯೂರೋ ಎಂದು ನಿಗದಿಯಾಗಿತ್ತು, ಆ ಮಿತಿ ಏರುಗತಿಯಲ್ಲಿದೆ.

ಸಾಲದ ಲೆಕ್ಕವನ್ನೂ ಬಿಡಿಸಿ ನೋಡಬೇಕು. ಫೀ 15ರಿಂದ 25 ಸಾವಿರ ಯೂರೋ, ಒಂದು ಯೂರೋಗೆ ಸುಲಭ ಲೆಕ್ಕಕ್ಕೆ ನೂರು ರೂಪಾಯಿ ಹಿಡಿದರೂ 15ರಿಂದ 25 ಲಕ್ಷ, ಜೀವನ ವೆಚ್ಚ ಬೇರೆ. ಉದಾಹರಣೆಗೆ 25 ಲಕ್ಷ ಸಾಲ, ಶೇ. 10 ಬಡ್ಡಿ ಎನ್ನೋಣ. ಓದಿನ ಒಂದು ವರ್ಷ, ವಿನಾಯಿತಿಯ ಇನ್ನೊಂದು ವರ್ಷ ಕಂತು ಇಲ್ಲ, ಆದರೆ ಬಡ್ಡಿ ಬೆಳೆಯುತ್ತದೆ. ಸರಳ ಬಡ್ಡಿಯಲ್ಲೇ ಐದು ಲಕ್ಷ ಸೇರಿ ಸಾಲ 30 ಲಕ್ಷವಾಗುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 39,600 ರೂಪಾಯಿ. ಐರ್ಲೆಂಡಿನಲ್ಲಿ ಕೆಲಸ ಸಿಕ್ಕರೆ ಇದು ಹಗುರ. ಮುಂಬಯಿಗೆ ಮರಳಿ ಆರಂಭದ ಸಂಬಳಕ್ಕೆ ಸೇರಿದರೆ ಆ ಸಂಬಳವೆಲ್ಲ ಕಂತಿಗೇ. ಸರಕಾರಿ ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಏಳೂವರೆ ಲಕ್ಷ ಮೀರಿದ ಸಾಲಕ್ಕೆ ಆಸ್ತಿ ಅಡವಿಡಬೇಕು. ಹೆಚ್ಚಿನ ಮನೆಗಳಲ್ಲಿ ಆ ಆಸ್ತಿ ಎಂದರೆ ಅಪ್ಪ ಜೀವಮಾನವಿಡೀ ದುಡಿದು ಡೊಂಬಿವಲಿಯಲ್ಲೋ ಮೀರಾರೋಡ್‌ನಲ್ಲೋ ಕೊಂಡ ಒಂದೇ ಫ್ಲ್ಯಾಟ್. ಸಹಿ ಹಾಕುವ ಮೊದಲು, ಕೆಲಸ ಸಿಗದಿದ್ದರೆ ಕಂತು ಎಲ್ಲಿಂದ ಎಂಬ ಪ್ರಶ್ನೆಗೆ ಮನೆಯವರೆಲ್ಲ ಕುಳಿತು ಉತ್ತರ ಕಂಡುಕೊಳ್ಳಬೇಕು.

ಸಂಘಗಳು ಮಾಡಬಹುದಾದದ್ದು

ಹಗಲು ಹೋಟೆಲ್‌ನಲ್ಲಿ ದುಡಿದು, ರಾತ್ರಿ ಕೋಟೆ ಪರಿಸರದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ, ಹೋಟೆಲಿನ ಮಾಳಿಗೆಯಲ್ಲೇ ಮಲಗಿ ಮುಂದೆ ಬಂದವರು ಮುಂಬಯಿ ಕನ್ನಡಿಗರು. ಜಾಗ, ದುಡಿಮೆ, ಓದು ಈ ಮೂರನ್ನೂ ತೂಗಿಸಿಕೊಂಡು ಹೋಗುವ ವಿದ್ಯೆ ಅವರಿಗೆ ಹೊಸದಲ್ಲ. ಆ ಅನುಭವ ಹೊಸ ತಲೆಮಾರಿಗೆ ದೊರೆಯಬೇಕಾದರೆ ವಿದೇಶಕ್ಕೆ ಹೊರಟ ವಿದ್ಯಾರ್ಥಿಗೆ ಶಾಲು ಹೊದಿಸಿ ಫೋಟೋ ತೆಗೆಸಿದರೆ ಸಾಲದು.

ಪ್ರತಿವರ್ಷ ಮಾರ್ಚ್-ಏಪ್ರಿಲ್‌ನಲ್ಲಿ, ಅಂದರೆ ಫೀ ಕಟ್ಟುವ ಮೊದಲೇ, ವಿದೇಶದಲ್ಲಿ ಓದಿ ಬಂದವರನ್ನು ಕರೆಸಿ ಪಾಲಕರೊಂದಿಗೆ ಮುಕ್ತ ಮಾತುಕತೆ ಏರ್ಪಡಿಸಬಹುದು. ಕೆಲಸ ಸಿಕ್ಕವರನ್ನಷ್ಟೇ ಅಲ್ಲ, ಸಿಗದೆ ಮರಳಿದವರನ್ನೂ ಗೌರವದಿಂದ ಕರೆಸಬೇಕು, ಅವರ ಮಾತಿನಲ್ಲಿ ಕಲಿಯಲು ಹೆಚ್ಚಿದೆ. ಆಯ್ದ ಕೋರ್ಸ್ ಅಲ್ಲಿನ ಸರಕಾರ ವೀಸಾಕ್ಕೆ ಅಂಗೀಕರಿಸಿದ ಪಟ್ಟಿಯಲ್ಲಿದೆಯೇ ಎಂದು ಪರಿಶೀಲಿಸಲು ನೆರವಾಗಬಹುದು. ಸಾಲದ ಕಾಗದ ಓದಿ ಹೇಳಲು ಬ್ಯಾಂಕ್ ನೌಕರಿಯಲ್ಲಿರುವ ಸದಸ್ಯರು ಪ್ರತಿ ಸಂಘದಲ್ಲೂ ಇದ್ದಾರೆ. ಐರ್ಲೆಂಡಿನಲ್ಲಿ ನೆಲೆಸಿ ಯುಗಾದಿ, ರಾಜ್ಯೋತ್ಸವ ಆಚರಿಸುವ ಕನ್ನಡ ಕುಟುಂಬಗಳೊಡನೆ ಸಂಪರ್ಕ ಇಟ್ಟುಕೊಂಡರೆ, ಹೊಸದಾಗಿ ಇಳಿದ ಹುಡುಗ-ಹುಡುಗಿಯರಿಗೆ ಮೊದಲ ಎರಡು ವಾರ ಒಂದು ಹಾಸಿಗೆ, ಕೋಣೆಯನ್ನು ಕಣ್ಣಾರೆ ನೋಡಿ ಬರುವ ಒಬ್ಬ ಹಿರಿಯರು ಸಿಕ್ಕಾರು.

ಕಳುಹಿಸಬೇಕೇ, ಬೇಡವೇ ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಆದರೆ ಸೀಟಿನ ಪತ್ರ ಬಂದ ದಿನ ಮೊದಲು ಕೇಳಬೇಕಾದ ಪ್ರಶ್ನೆ ಕಾಲೇಜಿನ ರ‍್ಯಾಂಕ್ ಯಾವುದು ಎಂಬುದಲ್ಲ, ಸೆಪ್ಟೆಂಬರ್ ಮೊದಲ ರಾತ್ರಿ ಮಗು ಮಲಗುವುದು ಎಲ್ಲಿ ಎಂಬುದು. ಅದಕ್ಕೆ ಉತ್ತರ ಸಿಕ್ಕ ಮೇಲೆಯೇ ವಿಮಾನದ ಟಿಕೆಟ್ ತೆಗೆಯುವುದು ಕ್ಷೇಮ.